ಮಂಗೋಲಿಯನ್ ಅಂದ್ರೆ ಮಂಗಳೂರಿನದ್ದಾ?

ಮೊನ್ನೆ ಹಂಪನಕಟ್ಟೆಯ ಹೋಟೆಲೊಂದರಲ್ಲಿ ಅಕ್ಕನ ಮಗ ಮೆನು ಮೇಲೆ ಬೆರಳಿಟ್ಟ. "ಮಾಮ, ಮಂಗೋಲಿಯನ್ ಚಿಕನ್ ಅಂದ್ರೆ ಮಂಗಳೂರಿನದ್ದಾ?"

"ಅಲ್ಲ ಮಾರಾಯ, ನಮ್ಮೂರಿಗೆ ಮಂಗಳಾದೇವಿಯ ಹೆಸರು" ಎಂದೆ.

ಮಂಗೋಲ್ ಅನ್ನೋದು ಮೊದಲು ಒಂದು ಬುಡಕಟ್ಟಿನ ಹೆಸರು. ಚೀನಾದ ತಾಂಗ್ ಅರಸರ ಕಾಲದ ದಾಖಲೆಗಳಲ್ಲಿ ಅದು 'ಮೆಂಗ್‌ವು'. 1206ರಲ್ಲಿ ತೆಮುಜಿನ್ ಹುಲ್ಲುಗಾವಲಿನ ಬುಡಕಟ್ಟುಗಳನ್ನೆಲ್ಲ ಒಟ್ಟುಮಾಡಿ ಚೆಂಗಿಸ್ ಖಾನ್ ಆದ. ಆಮೇಲೆ ಎಲ್ಲರಿಗೂ ಅದೇ ಹೆಸರು ಅಂಟಿತು. ಪರ್ಷಿಯನ್ನರ ಬಾಯಲ್ಲಿ ಅದೇ 'ಮುಘಲ್' ಆಯಿತು. ಬಾಬರ್, ಅಕ್ಬರ್ ಮೊಘಲರಾದದ್ದು ಹೀಗೆ. ಬಾಬರನಿಗೆ ಮಾತ್ರ ತಾನು ಮಧ್ಯ ಏಷ್ಯಾದ ತುರ್ಕಿ ದೊರೆ ತೈಮೂರನ ವಂಶದವನು ಅನ್ನೋ ಹೆಮ್ಮೆಯೇ ಜಾಸ್ತಿ!

ಇದೇ ಹೆಸರು ಹೊತ್ತ ಇನ್ನೊಂದು ತಿನಿಸು, ಮಂಗೋಲಿಯನ್ ಬಾರ್ಬೆಕ್ಯೂ, ಹುಟ್ಟಿದ್ದಂತೂ ಮಂಗೋಲಿಯಾದಲ್ಲಲ್ಲ; 1951ರಲ್ಲಿ, ತೈವಾನಿನಲ್ಲಿ.

ಚಿಕನ್ ಬಂತು. ಕಪ್ಪು ಸಾಸ್, ಮೇಲೆ ಈರುಳ್ಳಿ ಸೊಪ್ಪು. ಹುಡುಗ ಒಂದು ತುಂಡು ತಿಂದು ಪ್ಲೇಟನ್ನು ನನ್ನತ್ತ ತಳ್ಳಿದ. "ನೀರುದೋಸೆ ಇಲ್ವಾ?"