ಗುಲ್ಮಾರ್ಗ್‌ನಲ್ಲಿ ಕುದುರೆ ಹತ್ತುವ ಮುನ್ನ ಗೊರಸು ನೋಡಿ

ಚಳಿಗಾಲದಲ್ಲಿ ಕಾಶ್ಮೀರದ ಗುಲ್ಮಾರ್ಗ್‌ಗೆ ಹೊರಟಿದ್ದೀರಾದರೆ, ಕುದುರೆ ಬಾಡಿಗೆಯ ಚೌಕಾಸಿಗೆ ಇಳಿಯುವ ಮೊದಲು ಅದರ ನಾಲ್ಕೂ ಕಾಲುಗಳನ್ನು ಎತ್ತಿಸಿ ನೋಡಿ. ನಮ್ಮ ಅತ್ತೆಗೆ ಮೊಣಕಾಲು ನೋವು, ಹಿಮದಲ್ಲಿ ನಡೆಯಲಾರರು. ಅವರಿಗಾಗಿ ಮಧ್ಯಾಹ್ನ ಒಂದು ಕುದುರೆ ಗೊತ್ತು ಮಾಡಿದೆವು. ಏಳು ಜಾಗ ತೋರಿಸುತ್ತೇನೆಂದು ಪೂರ್ತಿ ಹಣ ಮೊದಲೇ ಪಡೆದವನು ಎರಡನೆಯದರಿಂದಲೇ ವಾಪಸು ತಿರುಗಿಸಿದ. ದುಡ್ಡಿಗಿಂತ ಕುದುರೆಯ ಪಾಡು ಕಂಡು ಹೆಚ್ಚು ಸಿಟ್ಟು ಬಂತು. ಸಮತಟ್ಟು ಜಾಗದಲ್ಲೂ ಅದು ಎಡವುತ್ತಿತ್ತು. ಕಾಲೆತ್ತಿಸಿ ನೋಡಿದರೆ, ಪ್ರತಿ ಗೊರಸಿನಡಿಯಲ್ಲೂ ಅರ್ಧ ತೆಂಗಿನಕಾಯಿ ಅಂಟಿಸಿದಂತೆ ಗಟ್ಟಿ ಮಂಜುಗಡ್ಡೆ!

ಮರುದಿನ ಬೆಳಿಗ್ಗೆ ಸಿಕ್ಕ ವಯಸ್ಸಾದ ಕುದುರೆಯವರು ಕಾರಣ ವಿವರಿಸಿದರು. ಗೊರಸಿನ ಬಿಸುಪಿಗೆ ಹಿಮ ತುಸು ಕರಗುತ್ತದೆ, ತಣ್ಣನೆಯ ಕಬ್ಬಿಣದ ಲಾಳ ತಗುಲಿ ಮತ್ತೆ ಹೆಪ್ಪುಗಟ್ಟುತ್ತದೆ. ಹೆಜ್ಜೆ ಹೆಜ್ಜೆಗೂ ಅದರ ಮೇಲೆ ಇನ್ನೊಂದು ಪದರ ಕೂರುತ್ತದೆ. ಉಂಡೆಯ ಮೇಲೆ ನಿಂತ ಕುದುರೆಯ ಕಾಲು ಹೊರಳಿ ಸ್ನಾಯುರಜ್ಜು ಉಳುಕಬಹುದು, ಅಂಗಾಲು ಜಜ್ಜಬಹುದು. ಬಿಸಿಲಿಗೆ ಒದ್ದೆಯಾದ ಮಧ್ಯಾಹ್ನದ ಹಿಮವೇ ಹೆಚ್ಚು ಅಂಟುವುದು. ಕೊರೆಯುವ ಬೆಳಗಿನ ಪುಡಿಹಿಮ ಅಷ್ಟಾಗಿ ಅಂಟುವುದಿಲ್ಲ. ಹಾಗಾಗಿ ಸವಾರಿಯನ್ನು ಬೆಳಿಗ್ಗೆಯೇ ಮುಗಿಸಿ.

ಅವರು ಕಬ್ಬಿಣದ ಕೊಕ್ಕೆಯಿಂದ ಹಿಮ್ಮಡಿಯ ಕಡೆಯಿಂದ ಮುಂದಕ್ಕೆ ಗೊರಸು ಕೆರೆದರು. ನಡುವಿನ ಮೆತ್ತನೆಯ ತ್ರಿಕೋನಕ್ಕೆ ಕೊಕ್ಕೆ ತಾಗಿಸಲೇ ಇಲ್ಲ. ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಅಂಗಾಲಿಗೆಲ್ಲ ದಪ್ಪ ಗ್ರೀಸ್ ಬಳಿದರು. ಜಿಡ್ಡು ಬೇಗ ಸವೆಯುತ್ತದೆ ಎಂದು ದಾರಿಯಲ್ಲಿ ಮತ್ತೆ ಮತ್ತೆ ನಿಲ್ಲಿಸಿ ಕಾಲು ನೋಡುತ್ತಿದ್ದರು. ಅತ್ತೆ ನಿಶ್ಚಿಂತೆಯಿಂದ ಕುಳಿತಿದ್ದರು. ಲಾಳವಿಲ್ಲದ ಗೊರಸು ಹಿಗ್ಗಿ ಕುಗ್ಗಿ ಹಿಮವನ್ನು ತಾನೇ ಉದುರಿಸುತ್ತದೆ, ಆದರೆ ಕಲ್ಲುದಾರಿಯಲ್ಲಿ ದುಡಿಯುವ ಕುದುರೆಗೆ ಲಾಳ ಬಿಚ್ಚುವುದು ಕಷ್ಟ. ಹೊರದೇಶಗಳಲ್ಲಿ ಲಾಳಕ್ಕೂ ಗೊರಸಿಗೂ ನಡುವೆ ಉಬ್ಬಿದ ರಬ್ಬರ್ ಪಟ್ಟಿ ಕೂರಿಸುತ್ತಾರೆ. ಕಾಲೂರಿದಾಗ ಅದು ಅದುಮಿ, ಎತ್ತಿದಾಗ ಚಿಮ್ಮಿ ಹಿಮವನ್ನು ಹೊರದೂಡುತ್ತದೆ. ಇಲ್ಲಿಯೂ ಅದು ಬರಲೇಬೇಕು.

ಗೊಂಡೋಲಾ, ಅಂದರೆ ಕೇಬಲ್ ಕಾರಿನ ಸಾಲಿನ ನೂಕುನುಗ್ಗಲು ನನಗೆ ಆಗಿಬರುವುದಿಲ್ಲ, ಅದನ್ನು ಬಿಟ್ಟೆ. 13 ಕಿ.ಮೀ. ಕೆಳಗಿನ ತಂಗ್‌ಮಾರ್ಗ್‌ನಲ್ಲಿ ಗಂಬೂಟು, ಉದ್ದ ಕೋಟು ಬಾಡಿಗೆಗೆ ಕೊಡುತ್ತಾರೆ. ನಮಗೆ ಕೊಟ್ಟ ಬೂಟಿನ ಅಡಿಭಾಗ ಸವೆದು ನುಣ್ಣಗಾಗಿತ್ತು, ಬಾಡಿಗೆಯೋ ಹೊಸ ಬೂಟಿನ ಬೆಲೆಗೆ ಸಮೀಪ! ಒಳ್ಳೆಯ ಹಿಡಿತದ ಬೂಟನ್ನು ಊರಿನಿಂದಲೇ ಒಯ್ಯಿರಿ.

ಅದೇ ಪೇಟೆಯ ಬಸ್ ನಿಲ್ದಾಣದ ಹಿಂದೆ ನಾಲ್ಕು ಬೆಂಚುಗಳ ಒಂದು ಅನ್ನದಂಗಡಿಯಿದೆ, ಹೆಸರಿನ ಹಲಗೆಯಿಲ್ಲ. ಬಿಸಿ ಅನ್ನ, ಗಟ್ಟಿ ರಾಜ್ಮಾ, ಸಾಸಿವೆ ಎಣ್ಣೆಯಲ್ಲಿ ಬೇಯಿಸಿದ ಹಾಕ್ ಸೊಪ್ಪು, ಮೂಲಂಗಿಯ ಮೊಸರು ಚಟ್ನಿ. ಕೈ ಮರಗಟ್ಟಿದ್ದಾಗ ಆ ಅನ್ನದ ಹಬೆಯೇ ದೊಡ್ಡ ಉಪಕಾರ. ಹಾಕ್ ಸೊಪ್ಪಿನ ತಿಳಿಯನ್ನು ಅತ್ತೆ ಸಾರಿನಂತೆ ಕಲಸಿಕೊಂಡು ಎರಡು ಸಲ ಹಾಕಿಸಿಕೊಂಡರು. ಮಾಲೀಕರು ಅನ್ನಕ್ಕೆ ಮತ್ತೆ ದುಡ್ಡು ಕೇಳಲಿಲ್ಲ. ಗುಲಾಬಿ ಬಣ್ಣದ ಉಪ್ಪು ಚಹಾ ಮೊದಲ ಗುಟುಕಿಗೆ ಹಿಡಿಸದು. ತಂದೂರಿನಿಂದ ಆಗಷ್ಟೇ ತೆಗೆದ ಗಿರ್ದಾ ರೊಟ್ಟಿ ಅದ್ದಿ ತಿನ್ನಿ.

ಕುದುರೆಗೆ ಜಾಗಗಳ ಲೆಕ್ಕದಲ್ಲಿ ಒಪ್ಪಬೇಡಿ, ಗಂಟೆಯ ಲೆಕ್ಕದಲ್ಲಿ ಮಾತಾಡಿ, ಅರ್ಧ ಹಣ ಇಳಿದ ಮೇಲೆ ಕೊಡಿ. ಕೊಕ್ಕೆ ಇಟ್ಟುಕೊಳ್ಳದ ಕುದುರೆಯವನನ್ನು ಬಿಟ್ಟು ಮುಂದೆ ಹೋಗಿ.