ಕಟ್ಟಿದ್ಯಾಕೆ ಅಂತ ಮೊದಲು ಕೇಳಿ

ನಾನು ನಮ್ಮ ಕಾಲೇಜಿನ ಎಂಎಸ್‌ಡಬ್ಲ್ಯೂ (ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ) 2000-02ರ ಬ್ಯಾಚು. ಈಗ ಒಂದು ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ಟೀಮ್‌ನಲ್ಲಿ ಸೋಶಿಯಲ್ ವರ್ಕರ್ ಆಗಿದೀನಿ, ಊರಲ್ಲಿ ಎಲ್ರೂ ಕೌನ್ಸೆಲಿಂಗ್ ಮೇಡಂ ಅಂತಾರೆ. ಕಾಲೇಜು ಸಂಚಿಕೆಗೆ ಅಲ್ಲಿನ ನೆನಪು ಬರೀರಿ ಅಂದಾಗ ನಂಗೆ ಮೊದಲು ನೆನಪಾಗಿದ್ದು ಎರಡನೇ ವರ್ಷದಲ್ಲಿ ನಮಗೆ ಫೀಲ್ಡ್ ವರ್ಕ್ ಕಲಿಸಿದ ಮೇಡಂ. ಅವರು ಕಲಿಸಿದ್ದನ್ನೇ ಇವತ್ತಿಗೂ ಮಾಡ್ಕೊಂಡು ಬರ್ತಿದೀನಿ, ಅದಕ್ಕೇ ಅದನ್ನೇ ಬರೀತೀನಿ.

2001ನೇ ಇಸವಿ ಆಗಸ್ಟ್ 6. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿ ಅನ್ನೋ ಊರಲ್ಲಿ ದರ್ಗಾಕ್ಕೆ ಹೋದ್ರೆ ವಾಸಿ ಆಗುತ್ತೆ ಅಂತ ನಂಬಿ ಮಾನಸಿಕ ಕಾಯಿಲೆ ಇದ್ದವರನ್ನ ದೂರ ದೂರದಿಂದ ಕರ್ಕೊಂಡು ಬರ್ತಿದ್ರು, ಸುತ್ತಮುತ್ತ ಖಾಸಗಿಯವರು ದುಡ್ಡು ತಗೊಂಡು ಇಟ್ಕೊಳ್ಳೋ ಗುಡಿಸಲುಗಳಿದ್ವು, ಅಂಥ ಒಂದಕ್ಕೆ ಬೆಳಗಿನ ಜಾವ ಬೆಂಕಿ ಬಿತ್ತು. ಕಾಲಿಗೆ ಸರಪಳಿ ಹಾಕಿದ್ರಿಂದ ಓಡಕ್ಕೇ ಆಗಲಿಲ್ಲ, 28 ಜನ ಸತ್ತೋದ್ರು. ಪೇಪರಲ್ಲಿ ಓದ್ಕೊಂಡು ಬಂದು ಕ್ಲಾಸಲ್ಲಿ ಎಲ್ರೂ ಕೂಗಾಡಿದ್ವಿ, ಕಟ್ಟಿದವರನ್ನ ಜೈಲಿಗೆ ಹಾಕಬೇಕು, ಬಿಟ್ಟು ಬಂದ ಅಪ್ಪ ಅಮ್ಮನ್ನೂ ಹಾಕಬೇಕು ಅಂತ. ಮೇಡಂ ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ, "ಕಟ್ಟಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಮನೆಯವರು ಕಟ್ಟಿದ್ಯಾಕೆ ಅಂತ ಮೊದಲು ಕೇಳಿ. ಆಸ್ಪತ್ರೆ ಎಷ್ಟು ದೂರ, ಬಸ್ ಚಾರ್ಜ್ ಎಷ್ಟು, ದಿನದ ಕೂಲಿ ಎಷ್ಟು, ಬರ್ಕೊಂಡು ಬನ್ನಿ" ಅಂದ್ರು.

ಆ ವರ್ಷ ಗ್ರಾಮೀಣ ಶಿಬಿರದಲ್ಲಿ ಅದೇ ಪ್ರಶ್ನೆ ಇಟ್ಕೊಂಡು ಮನೆ ಮನೆಗೆ ಹೋದ್ವಿ. ಒಂದು ಮನೇಲಿ ಇಪ್ಪತ್ತೋ ಇಪ್ಪತ್ತೆರಡೋ ವಯಸ್ಸಿನ ಹುಡುಗ, ಕಂಬಕ್ಕೆ ಹಗ್ಗ ಕಟ್ಟಿ ಸೊಂಟಕ್ಕೆ ಸುತ್ತಿದ್ರು, ಪಕ್ಕದಲ್ಲಿ ನೀರಿನ ಚೊಂಬು. ಗಾಳಿ ಸೋಕಿದೆ ಅಂದವರು ಕೆಲವರು, ಮಾಟ ಮಾಡ್ಸಿದ್ದಾರೆ ಅಂದವರು ಕೆಲವರು, ಅವನ ಕುತ್ತಿಗೆಯಲ್ಲಿ ತಾಯತಗಳೇ ತುಂಬಿದ್ವು. ತಾಯಿ ಶೇಂಗಾ ಹೊಲದ ಕೂಲಿಯಿಂದ ಸಂಜೆ ಬಂದ್ರು. ನಾವ್ಯಾರೋ ಬೈಯಕ್ಕೆ ಬಂದಿದೀವಿ ಅಂತಲೇ ಅಂದ್ಕೊಂಡ್ರು. "ಕಟ್ಟದಿದ್ರ ಬಾವಿ ಕಡೀಗೆ ಓಡ್ತಾನ್ರೀ ಅಕ್ಕಾರೆ, ಮನ್ಯಾಗ ಕುಂತ್ರ ಇಬ್ರೂ ಉಪಾಸ. ನಾ ಏನ್ ಮಾಡ್ಲಿ ಹೇಳ್ರಿ." ಮೇಡಂ ನೆಲದ ಮೇಲೇ ಕೂತ್ಕೊಂಡು, ಅವ್ವಾ ನೀನು ರಾತ್ರಿ ನಿದ್ದೆ ಮಾಡ್ತೀಯಾ ಅಂತ ಕೇಳಿದ್ರು. ಆ ಪ್ರಶ್ನೆಯನ್ನ ಅವರಿಗೆ ಅಲ್ಲೀವರೆಗೂ ಯಾರೂ ಕೇಳಿರಲಿಲ್ಲ, ಆಮೇಲೆ ತುಂಬಾ ಹೊತ್ತು ಮಾತಾಡಿದ್ರು, ಅತ್ತರು, ಮತ್ತೆ ಮಾತಾಡಿದ್ರು.

ಅಲ್ಲಿಂದ ನಾವು ಮಾಡಿದ ಕೆಲಸ ನೋಡೋರಿಗೆ ಚಿಕ್ಕದು. ಜಿಲ್ಲಾ ಆಸ್ಪತ್ರೆಗೆ ಒಂದ್ಸಲ ಕರ್ಕೊಂಡು ಹೋಗಿ ಡಾಕ್ಟ್ರಿಗೆ ತೋರಿಸಿದ್ದು, ಹದಿನೈದು ದಿನಕ್ಕೊಮ್ಮೆ ಕೊಡೋ ಇಂಜೆಕ್ಷನ್ನು ಊರಿನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗೋ ಹಾಗೆ ಮಾತಾಡಿದ್ದು, ತಾಯಿ ಕೂಲಿಗೆ ಹೋದಾಗ ಪಕ್ಕದ ಮನೆ ಅಜ್ಜಿ ನೋಡ್ಕೊಳ್ಳಕ್ಕೆ ಒಪ್ಪಿದ್ದು. ಆ ಹಗ್ಗ ಬಿಚ್ಚಕ್ಕೆ ತಿಂಗಳುಗಳೇ ಹಿಡಿದ್ವು. ಆಮೇಲೆ ಅವನು ಕುರಿ ಕಾಯಕ್ಕೆ ಹೋಗ್ತಿದ್ದ. ಮಧ್ಯೆ ಇಂಜೆಕ್ಷನ್ ಸ್ಟಾಕ್ ಇಲ್ಲದೆ ತಪ್ಪಿತು, ಕಾಯಿಲೆ ಮರಳಿತು, ಹಗ್ಗಾನೂ ಮರಳಿ ಬಂತು. ಮತ್ತೆ ಮೊದಲಿಂದ. ಅರಿವು ಮೂಡಿಸೋದು ಅಂದ್ರೆ ಭಾಷಣ ಅಷ್ಟೇ ಅಲ್ಲ, ಆ ಸ್ಟಾಕ್ ರಿಜಿಸ್ಟರೂ ಅದರಲ್ಲೇ ಸೇರಿದೆ ಅಂತ ನಂಗೆ ಗಟ್ಟಿಯಾಗಿದ್ದು ಅಲ್ಲೇ.

ನಮ್ಮ ಪಠ್ಯದಲ್ಲಿದ್ದ ಕೇಸ್‌ವರ್ಕ್ (ಒಬ್ಬೊಬ್ಬರ ಜೊತೆ ಕೂತು ಅವರ ಕಷ್ಟಕ್ಕೆ ದಾರಿ ಹುಡುಕೋ ವಿಧಾನ) ಬಹುಪಾಲು ಹೊರದೇಶದ್ದು. ಒಂದು ರೂಮು, ಎರಡು ಕುರ್ಚಿ, ಒಬ್ಬ ಕ್ಲೈಂಟು, ಒಬ್ಬ ವರ್ಕರು. ನಮ್ಮಲ್ಲಿ ಒಬ್ಬರಿಗೆ ಹುಷಾರಿಲ್ಲ ಅಂದ್ರೆ ಅತ್ತೆ, ಮಾವ, ತಮ್ಮ, ಊರಿನ ಹಿರಿಯರು ಎಲ್ಲಾ ಟೆಂಪೋ ಮಾಡ್ಕೊಂಡು ಬರ್ತಾರೆ! ಮೇಡಂ ಇದಕ್ಕೆ ಅಮೃತಸರದ ಉದಾಹರಣೆ ಕೊಡ್ತಿದ್ರು. 1950ರ ದಶಕದಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಅವರು ಆಸ್ಪತ್ರೆ ಆವರಣದಲ್ಲೇ ಟೆಂಟ್ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಇರಿಸ್ಕೊಂಡು ಚಿಕಿತ್ಸೆ ಕೊಟ್ಟರು. ಇನ್ನೊಂದು ನಮ್ಮ ಬಳ್ಳಾರಿದೇ. ನಿಮ್ಹಾನ್ಸಿನವರು 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟ್ರಿಗೆ, ಆರೋಗ್ಯ ಕಾರ್ಯಕರ್ತರಿಗೆ ಟ್ರೈನಿಂಗ್ ಕೊಟ್ಟು, ಮಾನಸಿಕ ಕಾಯಿಲೆಗೆ ಬೆಂಗಳೂರಿಗೇ ಹೋಗಬೇಕಿಲ್ಲ, ಊರ ಹತ್ತಿರಾನೇ ನೋಡಬಹುದು ಅಂತ ಮಾಡಿ ತೋರಿಸಿದ್ರು. 1996ರಲ್ಲಿ ಕೆಲವು ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ದೇಶದಲ್ಲೆಲ್ಲ ಹಬ್ಬಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆಗಿದ್ದು ಆ ಬಳ್ಳಾರಿ ಕೆಲಸವೇ. ಇವತ್ತು ನಾನು ಕೂತಿರೋ ಕುರ್ಚಿ ಅದರಿಂದ ಹುಟ್ಟಿದ್ದು, ಇದನ್ನ ನಮ್ಮ ಭಾಗದ ಪ್ರತಿ ವಿದ್ಯಾರ್ಥಿಗೂ ಹೇಳಬೇಕು ಅನ್ಸುತ್ತೆ.

ಕೆಲಸಕ್ಕೆ ಸೇರಿದ ಮೇಲೆ ಇನ್ನೊಂದು ಬದಲಾವಣೆ ಬಂತು. ಮೇಡಂ ಮನೆಯವರನ್ನ ಕೇಳಕ್ಕೆ ಕಲಿಸಿದ್ರು, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯನ್ನೇ ಕೇಳಬೇಕು ಅಂತು. 2018ರ ಮೇ ತಿಂಗಳಿಂದ ಅದು ಜಾರಿಯಲ್ಲಿದೆ. ಯಾವ ರೂಪದಲ್ಲೂ ಸರಪಳಿ ಹಾಕೋ ಹಾಗಿಲ್ಲ. ನಾಳೆ ನಂಗೆ ಕಾಯಿಲೆ ಜೋರಾದ್ರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಹುಷಾರಿದ್ದಾಗಲೇ ಬರೆದಿಡಬಹುದು. ನನ್ನ ಪರವಾಗಿ ಯಾರು ಮಾತಾಡಬೇಕು ಅಂತಾನೂ ಹೇಳಬಹುದು. ವಾರ್ಡಲ್ಲಿ ಒಬ್ಬ ಹೆಣ್ಮಗಳು, ಗಂಡ ಪಕ್ಕದಲ್ಲೇ ನಿಂತಿದ್ದಾಗ, "ನನ್ ತಂಗಿ ಹೆಸರು ಬರೀರಿ" ಅಂದ್ಲು. ಗಂಡನಿಗೆ ಸಿಟ್ಟು ಬಂತು, ಅತ್ತೆಗೆ ಇನ್ನೂ ಜಾಸ್ತಿ. ಮುಂಚೆ ಆಗಿದ್ರೆ ಅವಳ ಮಾತನ್ನ ಕಾಯಿಲೆ ಲೆಕ್ಕಕ್ಕೆ ಹಾಕಿ ಗಂಡನ ಹತ್ರಾನೇ ಸೈನ್ ತಗೋತಿದ್ರು. ನಾನು ತಂಗಿಗೆ ಫೋನ್ ಮಾಡ್ದೆ, ಗಂಡನ ಜೊತೆ ಬೇರೆಯಾಗಿ ಕೂತು ಮಾತಾಡಿದೆ, ಎರಡೂ ನನ್ನ ಕೆಲಸವೇ. ಆತ್ಮಹತ್ಯೆಗೆ ಪ್ರಯತ್ನ ಮಾಡಿ ಉಳಿದವರ ವಿಷಯದಲ್ಲೂ ಅಷ್ಟೇ, ಅವರು ತೀವ್ರ ಒತ್ತಡದಲ್ಲಿದ್ರು ಅಂತಲೇ ಕಾನೂನು ಭಾವಿಸುತ್ತೆ, ಆರೈಕೆ ಕೊಡೋದು ಸರ್ಕಾರದ ಹೊಣೆ. ಇದು ಎಷ್ಟೋ ಜನಕ್ಕೆ ಇನ್ನೂ ಗೊತ್ತಿಲ್ಲ, ಕೇಸ್ ಆಗುತ್ತೆ ಅಂತ ಹೆದರಿ ಆಸ್ಪತ್ರೇಲಿ ಸುಳ್ಳು ಹೇಳ್ತಾರೆ, ನಂಗೆ ತುಂಬಾ ಸಂಕಟ ಆಗುತ್ತೆ.

ಈಗ ನನ್ನ ದಿನ ಹೆಚ್ಚಾಗಿ ಹೋಗೋದು ಫೋನ್‌ನಲ್ಲಿ, ಫಾರ್ಮ್‌ನಲ್ಲಿ. ಮಾತ್ರೆ ಮುಗಿದಿದ್ಯಾ, ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಸೈಕಿಯಾಟ್ರಿಸ್ಟ್ ಬರ್ತಾರೆ ಬನ್ನಿ, ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ಹಾಕಿದ್ರಾ. ಮಾನಸಿಕ ಕಾಯಿಲೆಯೂ ಅಂಗವೈಕಲ್ಯದ ಪಟ್ಟಿಯಲ್ಲಿದೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳೋ 21 ಬಗೆಗಳಲ್ಲಿ ಅದೂ ಒಂದು, ಅಂಗವೈಕಲ್ಯ ಶೇಕಡ 40 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಸೌಲಭ್ಯ ಕೇಳಬಹುದು. ಕಾಲಿಲ್ಲದವರಿಗೆ ಸಿಗೋ ಚೀಟಿ ನಮ್ಮ ಹುಡುಗನಿಗೆ ಯಾಕೆ ಅಂತ ಮನೆಯವರೇ ಕೇಳ್ತಾರೆ. ಇದನ್ನ ಒಬ್ಬೊಬ್ಬರಿಗೂ ಕೂತ್ಕೊಂಡು ಹೇಳಬೇಕು. ನಮ್ಮಂಥವರಲ್ಲಿ ತುಂಬಾ ಜನ ಗುತ್ತಿಗೆ ಮೇಲಿದೀವಿ, ಒಬ್ಬರು ಬಿಟ್ಟು ಹೋದ್ರೆ ಎಷ್ಟೋ ಮನೆಗಳಿಗೆ ಬರ್ತಿದ್ದ ಫೋನು ನಿಂತು ಹೋಗುತ್ತೆ, ಇದು ಸರಿ ಆಗಲೇಬೇಕು.

2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ದೊಡ್ಡವರಲ್ಲಿ ಶೇಕಡ 10.6ರಷ್ಟು ಜನಕ್ಕೆ ಯಾವುದಾದ್ರೂ ಮಾನಸಿಕ ತೊಂದರೆ ಇದೆ, ಹೆಚ್ಚಿನ ಕಾಯಿಲೆಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಜಾಸ್ತಿ ಜನ ಚಿಕಿತ್ಸೆ ಇಲ್ಲದೇ ಇದ್ದಾರೆ. ವಿದ್ಯಾರ್ಥಿಗಳೇ, ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ ಕಾಲೇಜಿಂದ ಜಾಥಾ ಮಾಡ್ತೀರಿ, ಬೀದಿ ನಾಟಕ ಆಡ್ತೀರಿ, ಫೋಟೋ ನೋಡ್ದೆ, ತುಂಬಾ ಖುಷಿ ಆಯ್ತು. ನಾಟಕ ಮುಗಿದ ಮೇಲೆ ಒಬ್ಬರಾದ್ರೂ ಹತ್ತಿರ ಬಂದು ಮೆಲ್ಲಗೆ ಕೇಳ್ತಾರೆ, ನಮ್ಮನೇಲೂ ಒಬ್ಬರಿದ್ದಾರೆ ಅಂತ. ಅವರಿಗೆ ಏನು ಹೇಳಬೇಕು ಅಂತ ಮೊದಲೇ ತಯಾರಿರಿ. ಹತ್ತಿರದ ಯಾವ ಆಸ್ಪತ್ರೇಲಿ ಯಾವ ದಿನ ಡಾಕ್ಟ್ರು ಸಿಗ್ತಾರೆ, ಮಾತ್ರೆ ಇದೆಯಾ, ವಿಚಾರಿಸ್ಕೊಂಡೇ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರ್ 14416 ಬರೆದು ಕೊಡಿ, 2022ರಿಂದ ಇದೆ, ದುಡ್ಡಿಲ್ಲ, ರಾತ್ರಿನೂ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ. ಹಾಸ್ಟೆಲ್ ನೋಟಿಸ್ ಬೋರ್ಡಿಗೂ ಅದನ್ನ ಅಂಟಿಸಿ, ನಿಮಗೂ ಬೇಕಾಗಬಹುದು.

ಮುಂದಿನ ಸೆಮಿಸ್ಟರ್‌ಗೆ ಫೀಲ್ಡ್ ವರ್ಕ್ ಜಾಗ ಹುಡುಕೋವಾಗ ನಿಮ್ಮ ಜಿಲ್ಲೆಯ ಮಾನಸಿಕ ಆರೋಗ್ಯ ಟೀಮನ್ನೂ ಕೇಳಿ ಅಂತ ವಿಭಾಗದವರಿಗೆ ನನ್ನ ವಿನಂತಿ. ನಮ್ಮ ಜಿಲ್ಲೆಗೆ ಬರೋ ಹುಡುಗ ಹುಡುಗಿಯರಿಗೆ ನಾನೇ ಜೊತೆಗಿದ್ದು ತೋರಿಸ್ತೀನಿ, ಮಂಗಳವಾರ ತಾಲ್ಲೂಕು ಕ್ಲಿನಿಕ್ಕು, ಉಳಿದ ದಿನ ಮನೆ ಭೇಟಿ. ವಿಭಾಗದಲ್ಲಿ ನನ್ನ ನಂಬರ್ ಇದೆ.