ಕ್ರಯಪತ್ರದಲ್ಲಿ ಕಾಣದ ಲೆಕ್ಕ

ಜರ್ಮನಿಯಲ್ಲಿ ಯೆಹೂದಿಗಳನ್ನು ಹಿಂಸಿಸುತ್ತಿದ್ದ ನಾಜಿ ಆಡಳಿತವಿದ್ದ 1938ರ ಜುಲೈಯಲ್ಲಿ ಬರ್ಲಿನ್‌ನ ಯೆಹೂದಿ ಜವಳಿ ವ್ಯಾಪಾರಿ ಕಾರ್ಲ್ ಆಮ್ಸನ್ ಜೋಯೆಲ್ ಸಹಿ ಹಾಕಿದ ಕಾಗದ ಮೇಲ್ನೋಟಕ್ಕೆ ಅಪ್ಪಟ ಕ್ರಯಪತ್ರ. ಕೊಂಡವನು 26 ವರ್ಷದ ಯೋಸೆಫ್ ನೆಕರ್‌ಮನ್. ಬೆಲೆ ಆಗಿನ ಜರ್ಮನ್ ಹಣದಲ್ಲಿ 23 ಲಕ್ಷ ರೈಖ್ಸ್‌ಮಾರ್ಕ್.

ಜೋಯೆಲ್ 1928ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಶುರು ಮಾಡಿದ್ದು ಅಂಚೆಯ ಮೂಲಕ ಬಟ್ಟೆ ಮಾರುವ ವ್ಯಾಪಾರ. ಅಲ್ಲಿ ಯೆಹೂದಿ ದ್ವೇಷಿ ನಾಜಿ ನಾಯಕ ಯೂಲಿಯಸ್ ಸ್ಟ್ರೈಖರ್‌ನ ಪತ್ರಿಕೆಯ ಕಾಟ ವಿಪರೀತವಾಗಿ, 1934ರಲ್ಲಿ ಕಂಪನಿ ಬರ್ಲಿನ್‌ಗೆ ಬಂತು. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತಬೇಕಿಲ್ಲ, ಯಾರ ಕಣ್ಣಿಗೂ ಬೀಳಬೇಕಿಲ್ಲ ಎಂಬುದೇ ಈ ವ್ಯಾಪಾರದ ಬಲ. ಪಾರ್ಸೆಲ್ ಮೇಲೆ ಯೆಹೂದಿ ಎಂದು ಸಾರುವ 'ಜೆ' ಅಕ್ಷರ ಬೀಳಬೇಕೆಂದಾಗ ಆ ಬಲವೇ ಮುರಿಯಿತು. ಅಂಚೆಯವನಿಗೂ ಪಕ್ಕದ ಮನೆಯವರಿಗೂ ಸಾಮಾನು ಯಾರದೆಂದು ಗೊತ್ತಾಗುತ್ತಿತ್ತು.

ಬೆಲೆಯ ವಿಷಯ ಇನ್ನೂ ಕ್ರೂರ. 1938ರ ಏಪ್ರಿಲ್ 26ರ ಆದೇಶದಂತೆ ಯೆಹೂದಿಗಳು 5,000 ಮಾರ್ಕ್ ಮೀರಿದ ಆಸ್ತಿಯ ವಿವರವನ್ನೆಲ್ಲ ಸರ್ಕಾರದಲ್ಲಿ ನೋಂದಾಯಿಸಬೇಕಿತ್ತು; ವ್ಯಾಪಾರ ಮಾರಲು ಅನುಮತಿಯೂ ಬೇಕಿತ್ತು. ಇಂಥ ಮಾರಾಟಗಳಲ್ಲಿ ಸಾಮಾನ್ಯವಾಗಿ ಯಂತ್ರಕ್ಕೂ ದಾಸ್ತಾನಿಗೂ ಮಾತ್ರ ಬೆಲೆ ಕಟ್ಟುತ್ತಿದ್ದರು. ಹೆಸರು, ಗಿರಾಕಿಗಳ ವಿಶ್ವಾಸಕ್ಕೆ ಸೊನ್ನೆ. ಅಂಚೆ ವ್ಯಾಪಾರದಲ್ಲಿ ನಿಜವಾದ ಆಸ್ತಿ ಗಿರಾಕಿಗಳ ವಿಳಾಸಪಟ್ಟಿಯೇ ಅಲ್ಲವೇ? ಅದು ಪುಕ್ಕಟೆ ಹೋಯಿತೆಂದೇ ಅರ್ಥ.

ಉಳಿದದ್ದಕ್ಕೂ ಕತ್ತರಿ ಸಿದ್ಧವಿತ್ತು. ದೇಶ ಬಿಡುವವರ ಆಸ್ತಿ 50,000 ಮಾರ್ಕ್ ದಾಟಿದರೆ ಅದರ ಕಾಲುಭಾಗ ತೆರಿಗೆ. ಮಿಕ್ಕಿದ್ದು ತಡೆಹಿಡಿದ ಖಾತೆಗೆ. ಅದನ್ನು ವಿದೇಶಿ ಹಣಕ್ಕೆ ಬದಲಿಸಲು ಹೋದರೆ, 1939ರ ಸೆಪ್ಟೆಂಬರ್ ಹೊತ್ತಿಗೆ ನೂರರಲ್ಲಿ 96 ಭಾಗ ಕರಗುತ್ತಿತ್ತು. ಜೋಯೆಲ್‌ಗೆ ಆ 4 ಭಾಗವೂ ದಕ್ಕಲಿಲ್ಲ. ಬೆಲೆಯ ದುಡ್ಡು ಅವರ ಕೈಗೆ ಬಾರದಂಥ ಖಾತೆಯಲ್ಲಿ ಉಳಿಯಿತು. ಕುಟುಂಬ ಸ್ವಿಟ್ಜರ್ಲೆಂಡ್‌ಗೆ ತಪ್ಪಿಸಿಕೊಂಡು, ಮುಂದೆ ಕ್ಯೂಬಾ ದಾರಿಯಾಗಿ ಅಮೆರಿಕ ಸೇರಿತು. ಗಾಯಕ ಬಿಲ್ಲಿ ಜೋಯೆಲ್ ಈ ಕಾರ್ಲ್ ಅವರ ಮೊಮ್ಮಗ. ಕಾರ್ಲ್ ಅವರ ತಮ್ಮ ಲಿಯೋನ್ 1939ರಲ್ಲಿ ಯೆಹೂದಿ ನಿರಾಶ್ರಿತರನ್ನು ಕ್ಯೂಬಾಕ್ಕೆ ಒಯ್ಯುತ್ತಿದ್ದ 'ಸೇಂಟ್ ಲೂಯಿಸ್' ಹಡಗು ಹತ್ತಿದರು. ಅಲ್ಲಿ ಇಳಿಯಲು ಬಿಡದೆ ಹಡಗನ್ನು ಯುರೋಪಿಗೆ ವಾಪಸು ಕಳಿಸಿದರು. ಲಿಯೋನ್ ನಾಜಿಗಳ ಸಾವಿನ ಶಿಬಿರ ಆಶ್ವಿಟ್ಸ್‌ನಲ್ಲಿ ಹತರಾದರು.

ಕೊಂಡ ನೆಕರ್‌ಮನ್‌ಗೆ ಇದು ಮೊದಲ ಸಲವೇನಲ್ಲ. 1935ರಲ್ಲೇ ವ್ಯೂರ್ಟ್ಸ್‌ಬರ್ಗ್‌ನಲ್ಲಿ ರುಷ್ಕೆವಿಟ್ಸ್ ಎಂಬ ಯೆಹೂದಿ ಕುಟುಂಬದ ಅಂಗಡಿ ಅವನ ಪಾಲಾಗಿತ್ತು. ಯುದ್ಧದ ನಂತರ 1950ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಹೊಸ ಅಂಚೆ ವ್ಯಾಪಾರ ಕಟ್ಟಿದ, ಕುದುರೆ ಸವಾರಿಯಲ್ಲಿ ಒಲಿಂಪಿಕ್ ಚಿನ್ನವನ್ನೂ ಗೆದ್ದ. ಜೋಯೆಲ್‌ಗೆ 1957ರಲ್ಲಿ, ದೀರ್ಘ ವ್ಯಾಜ್ಯದ ನಂತರ, 20 ಲಕ್ಷ ಡಾಯ್ಚ್ ಮಾರ್ಕ್ (ಯುದ್ಧಾನಂತರದ ಪಶ್ಚಿಮ ಜರ್ಮನಿಯ ಹಣ) ಪರಿಹಾರ ಸಿಕ್ಕಿತು.